ಮೈಕ್ ತಗ್ಗಿಸಿ, ಸಭೆ ಹಾಡಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ: ಚರ್ಚಿನ ಹಾಡು ಮತ್ತು ಆರಾಧನೆ

ಕ್ರಿಸ್ಮಸ್ ಹತ್ತಿರ ಬರುತ್ತಿದ್ದ ಹಾಗೆ ಚರ್ಚಿನ ಹಾಡುಗಳ ಬಗ್ಗೆ ಪತ್ರಗಳು ಜಾಸ್ತಿ ಆಗುತ್ತವೆ. ಯಾವ ಹಾಡು, ಯಾರು ಹಾಡಬೇಕು, ಎಷ್ಟು ವಾದ್ಯ ಎಂಬ ಮಾತು ಶುರುವಾಗಿ ಮನಸ್ಸು ಮುರಿಯುವ ತನಕ ಹೋಗುತ್ತದೆ. ಈ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ಉತ್ತರಿಸಿ ಎಂದು ಸಂಪಾದಕರು ಹೇಳಿದ್ದಾರೆ. ನಾನು ಕರಾವಳಿಯ ಒಂದು ಕನ್ನಡ ಸಭೆಯಲ್ಲಿ ಬಹಳ ಕಾಲದಿಂದ ಹಾರ್ಮೋನಿಯಂ ನುಡಿಸುವವಳು. ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು ಹೇಳಿಕೊಡುವವಳು. ನನಗೆ ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ.

ಅಕ್ಕಾ, ನಮ್ಮ ಚರ್ಚಿನಲ್ಲಿ ಎರಡು ಪಂಗಡ ಆಗಿಬಿಟ್ಟಿದೆ. ಹಿರಿಯರಿಗೆ ಸಂಗೀತ ಪುಸ್ತಕದ, ಅಂದರೆ ಚರ್ಚಿನ ಹಳೇ ಹಾಡಿನ ಪುಸ್ತಕದ ಹಾಡುಗಳೇ ಬೇಕು. ನಾವು ಗಿಟಾರ್, ಡ್ರಮ್ಸ್, ಕೀಬೋರ್ಡ್ ಇಟ್ಟು ಹೊಸ ಹಾಡು ಹಾಡುತ್ತೇವೆ. ಹಳೇ ಹಾಡನ್ನು ಎಳೆದೂ ಎಳೆದೂ ಹಾಡುತ್ತಾರೆ, ಸಾವಿನ ಮನೆ ಥರ ಕೇಳಿಸುತ್ತದೆ. ಇದನ್ನೆಲ್ಲ ಉಳಿಸಿಕೊಳ್ಳಲೇಬೇಕಾ?
ಒಬ್ಬ ಯುವಕ, ಉಡುಪಿ ಜಿಲ್ಲೆ

ತಮ್ಮಾ, ಮುಂದಿನ ಭಾನುವಾರ ಒಂದು ಕೆಲಸ ಮಾಡು. ವಾದ್ಯದವರ ಜೊತೆ ಮುಂದೆ ನಿಲ್ಲಬೇಡ. ಹಿಂದಿನ ಬೆಂಚಿನಲ್ಲಿ ಕೂತುಕೋ. ಹಳೇ ಹಾಡು ಬಂದಾಗಲೂ ಹೊಸ ಹಾಡು ಬಂದಾಗಲೂ ಸುತ್ತ ನೋಡು. ಪಕ್ಕದವರ ತುಟಿ ಅಲ್ಲಾಡುತ್ತಿದೆಯಾ? ಅವರ ದನಿ ನಿನ್ನ ಕಿವಿಗೆ ಬೀಳುತ್ತಿದೆಯಾ? ಯಾವ ಹಾಡಿಗೆ ಸಭೆಯೇ ಹಾಡುತ್ತದೋ ಅದು ಆರಾಧನೆಯ ಹಾಡು. ಯಾವುದಕ್ಕೆ ಜನ ಸುಮ್ನೆ ನಿಂತು ಮುಂದೆ ನೋಡುತ್ತಾರೋ ಅದು ಎಷ್ಟೇ ಚೆನ್ನಾಗಿರಲಿ, ಕಛೇರಿ ಆಗುತ್ತದೆ. ನಾನು ಉಳಿಸಿಕೊಳ್ಳಬೇಕು ಅನ್ನುವುದು ಸಭೆಯ ಈ ದನಿಯನ್ನು. ಪುಸ್ತಕ, ವಾದ್ಯ, ಧಾಟಿ ಎಲ್ಲ ಅದರ ನಂತರ.

ನಮ್ಮ ಹಳೇ ಹಾಡುಗಳು ಹುಟ್ಟಿದ್ದೂ ಇದಕ್ಕಾಗಿಯೇ. ಅದಕ್ಕೂ ಮೊದಲು ಯುರೋಪಿನ ಚರ್ಚುಗಳಲ್ಲಿ ಪಾದ್ರಿಗಳು, ಗಾಯಕರು ಲ್ಯಾಟಿನ್‌ನಲ್ಲಿ ಹಾಡುತ್ತಿದ್ದರು. ಜನ ಹೆಚ್ಚಾಗಿ ಕೇಳುತ್ತಿದ್ದರು. 1524ರಲ್ಲಿ ಜರ್ಮನಿಯಲ್ಲಿ ಬರೀ ಎಂಟು ಹಾಡುಗಳ ಒಂದು ಪುಟ್ಟ ಪುಸ್ತಕ ಅಚ್ಚಾಯಿತು. ಅದರಲ್ಲಿ ನಾಲ್ಕು, ಅಲ್ಲಿನ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ ಬರೆದವು. ಜನ ತಮ್ಮ ಭಾಷೆಯಲ್ಲಿ, ತಮ್ಮ ಬಾಯಿಂದ ಹಾಡಲಿ ಎಂಬುದೇ ಅದರ ಉದ್ದೇಶ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಸಂಸ್ಥೆಯ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಾಗ ಜೊತೆಗೆ ಬಂದದ್ದು ಇದೇ ಹಾಡಿನ ಸಂಪ್ರದಾಯ. ಕನ್ನಡ ಕಲಿತು, ಅದೇ ಧಾಟಿಗೆ ಕನ್ನಡದ ಪದ ಕೂಡಿಸಿದರು. ನಿನ್ನ ಅಜ್ಜಿ ಪುಸ್ತಕ ತೆರೆಯದೆ ನಾಲ್ಕೈದು ಚರಣ ಹಾಡುತ್ತಾರಲ್ವಾ, ಅದರ ಹಿಂದೆ ಇಷ್ಟೆಲ್ಲ ಇದೆ.

ಇನ್ನು ಎಳೆಯುವ ವಿಷಯ. ನಿನ್ನ ದೂರು ನ್ಯಾಯವಾದದ್ದೇ, ಆದರೆ ತಪ್ಪು ಹಾಡಿನದ್ದಲ್ಲ. 46ನೇ ಕೀರ್ತನೆಯ ಮೇಲೆ ಲೂಥರ್ ಕಟ್ಟಿದ ಹಾಡನ್ನೇ ತೆಗೆದುಕೋ. ಮೊದಮೊದಲು ಅದರ ನಡೆ ಚುರುಕಾಗಿತ್ತು. ಒಂದು ಸ್ವರ ಉದ್ದ, ಒಂದು ಗಿಡ್ಡ, ತಾಳಕ್ಕೆ ಅಡ್ಡ ಬರುವ ಹೆಜ್ಜೆ. ನಂತರದ ತಲೆಮಾರುಗಳಲ್ಲಿ ಆ ಉದ್ದ ಗಿಡ್ಡಗಳನ್ನೆಲ್ಲ ಸಮ ಮಾಡಿದರು, ನಡೆ ನಿಧಾನವಾಯಿತು. ನಮ್ಮ ಪುಸ್ತಕಗಳಿಗೆ ಹೆಚ್ಚಾಗಿ ಬಂದದ್ದು ಆ ಸಮ ಮಾಡಿದ ರೂಪ. ಹಾಗಾಗಿ ನೀನು ಸ್ವಲ್ಪ ಬೇಗ ನುಡಿಸಿದರೆ ಸಂಪ್ರದಾಯ ಕೆಡುವುದಿಲ್ಲ, ಬುಡದ ಹತ್ತಿರಕ್ಕೇ ಹೋಗುತ್ತೀಯ.

ನಿಮ್ಮ ಸಭೆಯಲ್ಲಿ ಪ್ರತಿ ಸಾಲಿನ ಕೊನೆಗೆ ಎಲ್ಲರೂ ನಿಂತು ಒಬ್ಬರಿಗೊಬ್ಬರು ಕಾಯುತ್ತಾರಾ ನೋಡು. ಬಹಳ ಕಡೆ ಹಾಡು ಸಾಯುವುದು ಅಲ್ಲೇ. ಜನ ವಾದ್ಯಕ್ಕೆ ಕಾಯುತ್ತಾರೆ, ವಾದ್ಯದವರು ಜನರಿಗೆ ಕಾಯುತ್ತಾರೆ. ಸಾಲು ಮುಗಿದಾಗ ಒಂದು ಉಸಿರಿಗೆ ಜಾಗ ಕೊಡು, ಕೈ ಎತ್ತಿ ಆ ಉಸಿರನ್ನು ತೋರಿಸು, ತಾಳ ಬಿಡದೆ ಮುಂದಿನ ಸಾಲಿಗೆ ಹೋಗು. ಜನ ಹಿಂದೆಯೇ ಬರುತ್ತಾರೆ.

ಶ್ರುತಿಯನ್ನೂ ನೋಡು. ಗಂಡಸರು, ಹೆಂಗಸರು, ಮಕ್ಕಳು ಕೂಡಿ ಹಾಡುವಾಗ ಕೀಬೋರ್ಡಿನ ನಡು ಸಿ ಕೀಯಿಂದ ಮೇಲಿನ ಡಿ ತನಕ ಹೆಚ್ಚಿನವರಿಗೆ ಎಟುಕುತ್ತದೆ. ಇ, ಎಫ್ ದಾಟಿದರೆ ಹಿಂದಿನ ಬೆಂಚುಗಳು ಬಾಯಿ ಮುಚ್ಚುತ್ತವೆ. ಹಳೇ ಸ್ವರ ಪುಸ್ತಕಗಳಲ್ಲಿ ಅನೇಕ ಹಾಡುಗಳು ಪಳಗಿದ ಕ್ವಾಯರಿಗೆ ಹೊಂದುವಷ್ಟು ಮೇಲೆ ಇವೆ. ಯೂಟ್ಯೂಬಿನ ಹೊಸ ಹಾಡುಗಳಂತೂ ಗಾಯಕರ ಗಂಟಲಿಗೆ ತಕ್ಕ ಶ್ರುತಿಯವು. ಎರಡನ್ನೂ ಒಂದೋ ಎರಡೋ ಮನೆ (ಕೀ) ಕೆಳಕ್ಕೆ ಇಳಿಸಬೇಕು. ನಿಮ್ಮ ಕೀಬೋರ್ಡಿನಲ್ಲಿ ಅದಕ್ಕೊಂದು ಬಟನ್ ಇರುತ್ತದೆ.

ಆಮೇಲೆ ಮೈಕ್. ಇದನ್ನು ನಾನು ಪಟ್ಟು ಹಿಡಿದು ಹೇಳುತ್ತೇನೆ. ಹಾಡುವವನಿಗೆ ತನ್ನ ದನಿ, ಪಕ್ಕದವನ ದನಿ ಕೇಳಿಸಬೇಕು. ಸ್ಪೀಕರಿನ ಸದ್ದಿನಲ್ಲಿ ಅದು ಕೇಳಿಸದೇ ಹೋದರೆ ಮನುಷ್ಯ ತಾನಾಗಿಯೇ ಹಾಡುವುದನ್ನು ನಿಲ್ಲಿಸುತ್ತಾನೆ. ಅವನಿಗೆ ಭಕ್ತಿ ಕಡಿಮೆಯಾಗಿದೆ ಅಂತಲ್ಲ. ಒಂದು ಚರಣಕ್ಕಾದರೂ ಎಲ್ಲ ವಾದ್ಯ, ಎಲ್ಲ ಮೈಕ್ ನಿಲ್ಲಿಸಿಬಿಡಿ. ಬರೀ ಸಭೆ ಹಾಡಲಿ. ನಮ್ಮಲ್ಲಿ ಕೊನೇ ಚರಣಕ್ಕೆ ಹೀಗೆ ಮಾಡುತ್ತೇವೆ. ಎಡಗಡೆ ಬೆಂಚಿನಲ್ಲಿ ಕೂರುವ ಒಬ್ಬ ಹಿರಿಯರು ಆಗ ಬೇಸ್, ಅಂದರೆ ಗಂಡಸರ ಕೆಳದನಿಯ ಸಾಲು, ಹಿಡಿಯುತ್ತಾರೆ. ಅವರಿಗೆ ಸ್ವರ ಓದಲು ಬರುವುದಿಲ್ಲ, ತಂದೆಯ ಪಕ್ಕದಲ್ಲಿ ನಿಂತು ಕೇಳಿ ಕಲಿತದ್ದು. ಈಗ ಅವರ ಹಿಂದಿನ ಬೆಂಚಿನ ಹುಡುಗರಲ್ಲಿ ಇಬ್ಬರು ಅದೇ ಸಾಲನ್ನು ಹಿಡಿಯುತ್ತಿದ್ದಾರೆ. ಡ್ರಮ್ಸ್ ನಡೆಯುತ್ತಿದ್ದರೆ ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಗಿಟಾರ್ ಬಿಡು ಅಂತ ನಾನು ಹೇಳುವುದಿಲ್ಲ. 1818ರ ಕ್ರಿಸ್ಮಸ್ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಮೊದಲ ಸಲ ಹಾಡಿದ 'ಸೈಲೆಂಟ್ ನೈಟ್', ಈಗ ಎಲ್ಲರಿಗೂ ಸಂಪ್ರದಾಯದ ಹಾಡು. ಅವತ್ತು ಅದಕ್ಕೆ ನುಡಿಸಿದ್ದು ಗಿಟಾರನ್ನೇ. ಗಿಟಾರ್ ಹಿಡಿದುಕೊಂಡೇ ಸಂಗೀತ ಪುಸ್ತಕ ತೆರೆ. ತಿಂಗಳಿಗೆ ಒಂದು ಹಳೇ ಹಾಡು ಆರಿಸಿ, ಆ ತಿಂಗಳ ಪ್ರತಿ ಭಾನುವಾರ ಅದನ್ನೇ ಹಾಡಿಸಿ. ಹೊಸ ಹಾಡಿಗೂ ಇದೇ ಕ್ರಮ ಇರಲಿ. ವಾರಕ್ಕೊಂದು ಹೊಸ ಹಾಡು ತಂದರೆ ಯಾವುದೂ ಜನರ ಬಾಯಲ್ಲಿ ನಿಲ್ಲುವುದಿಲ್ಲ.

ಅಕ್ಕೋರೇ, ನಮ್ಮೂರಲ್ಲಿ ಹಿರಿಯರ ಕಾಲದಿಂದ ಸಂಜೆ ಆರಾಧನೆಗೆ ಭಜನಿ ಐತಿ. ತಾಳ, ತಬಲಾ, ಹಾರ್ಮೋನಿಯಂ ಇಟ್ಟು ಹಾಡತೇವಿ. ಈಗ ಕೆಲವರು ಇದು ಕ್ರೈಸ್ತ ಸಂಗೀತ ಅಲ್ಲ, ಪುಸ್ತಕದ ಇಂಗ್ಲಿಷ್ ಧಾಟಿ ಅಷ್ಟೇ ಖರೇ ಸಂಪ್ರದಾಯ ಅಂತಾರ. ನಮಗ ಭಾಳ ನೋವಾಗೇತಿ.
ಒಬ್ಬ ತಾಯಿ, ಗದಗ ಜಿಲ್ಲೆ

ತಾಯೀ, ನಿಮ್ಮ ಭಜನೆ ಬಿಡಬೇಡಿ. ಅದೂ ಸಂಪ್ರದಾಯವೇ. ಬರೀ ನಿಮ್ಮ ಊರಿನದ್ದಲ್ಲ, ಕನ್ನಡ ಚರ್ಚಿನದ್ದು.

ನಿಮಗೆ ಹಾಗೆ ಹೇಳಿದವರಿಗೆ ಒಂದೆರಡು ಸಂಗತಿ ತಿಳಿಸಿ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, 'ಮಂಗಳೂರ ಸಮಾಚಾರ' ಪತ್ರಿಕೆಯನ್ನು 1843ರಲ್ಲಿ ಶುರು ಮಾಡಿದವರು, ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಪುಸ್ತಕ ಮಾಡಿದರು. ಕನ್ನಡದವರು ಹೇಗೆ ಹಾಡುತ್ತಾರೆ ಎಂದು ತಿಳಿಯಲು ಅವರು ನಮ್ಮ ಹಾಡಿನ ಹತ್ತಿರಕ್ಕೇ ಬಂದರು. ನಿಘಂಟಿನ ಕಿಟೆಲ್ ನಿಮಗೆ ಗೊತ್ತೇ ಇದೆ. ಅವರು 1862ರಲ್ಲಿ 'ಕಥಾಮಾಲೆ' ಬರೆದರು. ಯೇಸುವಿನ ಬದುಕನ್ನು ನಮ್ಮ ನಾಡಿನ ಹಾಡಿನ ರೀತಿಯಲ್ಲಿ ಹೇಳುವ ಕಾವ್ಯ ಅದು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಅವರೇ. ಅಂದರೆ ಮಿಷನರಿಗಳಲ್ಲೇ ಕೆಲವರು ನಮ್ಮ ಛಂದಸ್ಸನ್ನು ಕಲಿತು ಅದರಲ್ಲಿ ಹಾಡು ಕಟ್ಟಿದರು. ಪಕ್ಕದ ತಮಿಳುನಾಡಿನಲ್ಲಿ ತಂಜಾವೂರಿನ ವೇದನಾಯಗಂ ಶಾಸ್ತ್ರಿಯವರು ಅದಕ್ಕೂ ಮೊದಲೇ ಕರ್ನಾಟಕ ಸಂಗೀತದ ರಾಗ ತಾಳಗಳಲ್ಲಿ ಕ್ರಿಸ್ತನ ಹಾಡುಗಳನ್ನು ಬರೆದರು. ಅಲ್ಲಿನ ಚರ್ಚುಗಳಲ್ಲಿ ಇವತ್ತಿಗೂ ಅವನ್ನು ಹಾಡುತ್ತಾರೆ.

ಭಜನೆ ಯಾಕೆ ಬಾಯಿಗೆ ಇಷ್ಟು ಸಲೀಸು ಎಂದು ಯೋಚಿಸಿದ್ದೀರಾ? 'ಕರುಣೆ' ಎಂಬ ಮಾತು ನೋಡಿ. ಮೂರೂ ಹ್ರಸ್ವ ಅಕ್ಷರ, ಮೂರೇ ಮಾತ್ರೆ. ಭಜನೆಯ ತಾಳದಲ್ಲಿ ಅದು ಹಾಗೆಯೇ ಓಡುತ್ತದೆ. ಜರ್ಮನ್ ಧಾಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಪೂರ್ತಿ ಸ್ವರ ಬೀಳುತ್ತದೆ. ಅದೇ ಮಾತು 'ಕಾರೂಣೇ' ಆಗಿ ಹಿಗ್ಗುತ್ತದೆ. ದೊಡ್ಡವರಿಗೆ ರೂಢಿಯಾಗಿದೆ, ಅರ್ಥ ಆಗುತ್ತದೆ. ಮಕ್ಕಳು ಎಷ್ಟೋ ಸಲ ಏನು ಹಾಡುತ್ತಿದ್ದೇವೆ ಎಂದೇ ತಿಳಿಯದೆ ಹಾಡುತ್ತಾರೆ. ನಾನು ಧಾಟಿ ಹೇಳಿಕೊಡುವ ಮೊದಲು ಸಾಲನ್ನು ಮಾತಿನ ಹಾಗೆ ಓದಿಸುತ್ತೇನೆ, ಆಮೇಲೆ ಹಾಡಿಸುತ್ತೇನೆ. ಭಜನೆ ಕಲಿಸುವಾಗ ಇದರ ಅಗತ್ಯವೇ ಬೀಳುವುದಿಲ್ಲ.

ಹಾಗಂತ ಪುಸ್ತಕದ ಧಾಟಿಗಳನ್ನು ಕೀಳಾಗಿ ನೋಡಬೇಡಿ. ನಾಲ್ಕು ದನಿ ಕೂಡಿ ಹಾಡುವ ಸುಖ ಭಜನೆಯಲ್ಲಿ ಸಿಗುವುದಿಲ್ಲ. ಶುಭ ಶುಕ್ರವಾರ ಲೋಕದ ಎಷ್ಟೋ ಚರ್ಚುಗಳಲ್ಲಿ, ಮುಳ್ಳಿನ ಕಿರೀಟ ತೊಟ್ಟ ತಲೆಯ ಬಗ್ಗೆ ಪಾಲ್ ಗೆರ್ಹಾರ್ಟ್ ಬರೆದ ಹಾಡು ಕೇಳುತ್ತದೆ. ಅದರ ಧಾಟಿ 1601ರಲ್ಲಿ ಹಾಸ್ಲರ್ ಎಂಬ ಸಂಗೀತಗಾರ ಒಂದು ಪ್ರೇಮಗೀತೆಗೆ ಹಾಕಿದ್ದು. ಮುಂದೆ ಜರ್ಮನ್ ಸಂಗೀತಗಾರ ಬಾಖ್, ಯೇಸುವಿನ ಯಾತನೆಯನ್ನು ಹಾಡುವ ತಮ್ಮ ಮತ್ತಾಯನ ಪ್ಯಾಶನ್‌ನಲ್ಲಿ ಅದನ್ನು ಮತ್ತೆ ಮತ್ತೆ ತಂದರು. ಪ್ರೇಮಗೀತೆಯ ಧಾಟಿ ಶಿಲುಬೆಯ ಹಾಡಾಗಬಹುದಾದರೆ ನಿಮ್ಮ ಭೈರವಿ, ನಿಮ್ಮ ಆದಿತಾಳ ಯಾಕೆ ಆಗಬಾರದು?

ನಿಮಗೆ ನನ್ನದೊಂದು ಬೇಡಿಕೆ. ನಿಮ್ಮ ಭಜನೆಗಳನ್ನು ಬರೆದಿಡಿ. ಪದ, ರಾಗದ ಹೆಸರು, ತಾಳ, ಯಾರಿಂದ ಕಲಿತದ್ದು. ರಾಗದ ಹೆಸರು ಗೊತ್ತಿಲ್ಲದಿದ್ದರೆ 'ಇಂಥ ಹಾಡಿನ ಧಾಟಿ' ಎಂದು ಬರೆದರೂ ಸಾಕು. ಪುಸ್ತಕದ ಹಾಡುಗಳು ಅಚ್ಚಿನಲ್ಲಿವೆ, ಅವಕ್ಕೆ ಭಯವಿಲ್ಲ. ಬರೀ ಬಾಯಲ್ಲಿ ಇರುವ ಭಜನೆಗೆ ಮುಂದಿನ ತಲೆಮಾರು ಕಲಿಯದಿದ್ದರೆ ಬೇರೆ ದಾರಿ ಇಲ್ಲ.

ನಮ್ಮದು ಸಿ.ಎಸ್.ಐ. ಸಭೆ. ಹೊತ್ತಾಗುತ್ತದೆ ಎಂದು ಆರಾಧನಾ ಕ್ರಮದಲ್ಲಿ ಸಭೆ ಹೇಳುವ ಭಾಗಗಳನ್ನೆಲ್ಲ ಒಂದೊಂದಾಗಿ ಬಿಡುತ್ತಿದ್ದಾರೆ. ಪಾಪದ ಅರಿಕೆ, ಕೀರ್ತನೆಯ ಒಂದೊಂದು ವಚನ ಬದಲಿಸಿ ಓದುವುದು, ಸಮಾಧಾನ ಹಂಚುವುದು, ಯಾವುದೂ ಇಲ್ಲ. ಹೇಗೆ ಮಾತಾಡಲಿ?
ಒಬ್ಬ ಸಭಾಹಿರಿಯರು, ಮೈಸೂರು

ಹಾಡಿಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ, ಸರ್. ಸಭೆಯ ಬಾಯಿಂದ ಮಾತು ಕಿತ್ತುಕೊಂಡರೆ ಉಳಿಯುವುದು ಒಬ್ಬರ ಪ್ರಸಂಗ, ಒಂದು ತಂಡದ ಹಾಡು.

ದಕ್ಷಿಣ ಭಾರತ ಸಭೆ, ಅಂದರೆ ನಿಮ್ಮ ಸಿ.ಎಸ್.ಐ., 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ಬೇರೆ ಬೇರೆ ಪದ್ಧತಿಯ ಜನ ಒಂದಾದಾಗ ಎಲ್ಲರೂ ಕೂಡಿ ಆರಾಧಿಸಲು ಒಂದು ಕ್ರಮ ಬೇಕಾಯಿತು. 1950ರಲ್ಲಿ ಕರ್ತನ ಭೋಜನದ ಕ್ರಮ ಸಿದ್ಧವಾಯಿತು. ಅದರಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿತು. ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದದ್ದು ಅದು. ನಿನ್ನ ಮರಣವನ್ನು ನೆನೆಯುತ್ತೇವೆ, ಪುನರುತ್ಥಾನವನ್ನು ಒಪ್ಪಿಕೊಳ್ಳುತ್ತೇವೆ, ಮತ್ತೆ ಬರುವುದನ್ನು ಎದುರುನೋಡುತ್ತೇವೆ ಎಂಬ ಅರ್ಥದ ಮಾತನ್ನು ಪ್ರಾರ್ಥನೆಯ ನಡುವೆ ಸಭೆಯೇ ಹೇಳುತ್ತದೆ. ಬೇರೆ ದೇಶದ ಸಭೆಗಳು ತಮ್ಮ ಕ್ರಮಗಳನ್ನು ತಿದ್ದುವಾಗ ನಮ್ಮ ಈ ಕ್ರಮವನ್ನು ಮುಂದಿಟ್ಟುಕೊಂಡವು. ಲೋಕ ನಮ್ಮಿಂದ ಕಲಿತದ್ದನ್ನು ನಾವೇ ಹೊತ್ತಾಯಿತೆಂದು ಬಿಡುವುದು ನನಗೆ ಸಂಕಟ ತರುತ್ತದೆ.

ಸಭಾಪಾಲಕರ ಹತ್ತಿರ ಒಬ್ಬರೇ ಹೋಗಿ, ಕಮಿಟಿಯಲ್ಲಿ ಎಲ್ಲರೆದುರು ಎತ್ತಬೇಡಿ. ಹೊತ್ತಿನ ಲೆಕ್ಕ ಕೇಳಿದರೆ ಪ್ರಕಟಣೆಗಳನ್ನು ತೋರಿಸಿ. ಅಚ್ಚು ಹಾಕಿ ಬಾಗಿಲಲ್ಲಿ ಕೊಟ್ಟರೆ ಓದುವ ಅಗತ್ಯವೇ ಇಲ್ಲ. ಪಾಪದ ಅರಿಕೆಗೂ ಕೀರ್ತನೆಗೂ ಬೇಕಾದ ಹೊತ್ತು ಅಲ್ಲೇ ಸಿಗುತ್ತದೆ.

ನಮ್ಮ ಚರ್ಚಿನ ಹಳೇ ಕಾಲು ಹಾರ್ಮೋನಿಯಂ ಮೂಲೆ ಸೇರಿದೆ. ಕೆಲವು ಸ್ವರ ಬರುವುದೇ ಇಲ್ಲ, ಒಂದು ನಿಲ್ಲುವುದೇ ಇಲ್ಲ. ಗುಜರಿಗೆ ಕೊಡೋಣ ಅಂತಾರೆ. ಸರಿ ಮಾಡಿಸಬಹುದಾ?
ಒಬ್ಬ ಶಿಕ್ಷಕಿ, ಮಡಿಕೇರಿ

ಖಂಡಿತ. ಗುಜರಿಯವರ ಮಾತು ನಿಲ್ಲಿಸಿ. ಕಾಲಿನಿಂದ ತುಳಿದಾಗ ತಿದಿ ಗಾಳಿಯನ್ನು ಓಡಿಸುತ್ತದೆ. ಕೀ ಒತ್ತಿದಾಗ ಒಳಗಿನ ಒಂದು ಸಣ್ಣ ಬಾಗಿಲು ತೆರೆದು ಆ ಗಾಳಿ ಹಿತ್ತಾಳೆ ರೀಡಿನ ಮೂಲಕ ಹಾಯುತ್ತದೆ, ರೀಡಿನ ನಾಲಗೆ ಅದುರುತ್ತದೆ. ಸ್ವರವೇ ಬರುತ್ತಿಲ್ಲ ಎಂದರೆ ಹೆಚ್ಚಾಗಿ ಆ ನಾಲಗೆಯ ಸಂದಿಯಲ್ಲಿ ಧೂಳಿನ ಕಣವೋ ಹುಳದ ರೆಕ್ಕೆಯೋ ಕೂತಿರುತ್ತದೆ. ರೀಡನ್ನು ಹೊರಗೆ ಎಳೆದು ಒಣ ಮೆತ್ತನೆ ಬ್ರಷ್ಷಿನಿಂದ ಒರೆಸಿದರೆ ದನಿ ವಾಪಸ್ ಬರುತ್ತದೆ. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಅಂಟಿ ಇನ್ನೂ ಕೆಡುತ್ತದೆ. ನಾಲಗೆಯನ್ನು ಬಗ್ಗಿಸಲೂ ಬೇಡಿ, ಶ್ರುತಿ ಹೋಗುತ್ತದೆ. ನಿಲ್ಲದೇ ಕೂಗುವ ಸ್ವರಕ್ಕೆ ಕಾರಣ ಆ ಸಣ್ಣ ಬಾಗಿಲು ಮುಚ್ಚದಿರುವುದು. ನಿಮ್ಮ ಮಳೆಗೆ ಮರ ಉಬ್ಬಿರಬಹುದು, ಇಲ್ಲವೇ ಸ್ಪ್ರಿಂಗ್ ಸಡಿಲವಾಗಿರಬಹುದು. ತುಳಿಯುವಾಗ ಬುಸುಗುಟ್ಟಿದರೆ ತಿದಿಯ ಬಟ್ಟೆ ಹರಿದಿದೆ.

ಇಂಥ ಕೆಲಸಕ್ಕೆ ಚರ್ಚಿನವರೇ ಬೇಕೆಂದಿಲ್ಲ. ಭಜನಾ ಮಂಡಳಿಗಳ ಹಾರ್ಮೋನಿಯಂ ರಿಪೇರಿ ಮಾಡುವವರು ನಿಮ್ಮ ಕಡೆ ಇದ್ದೇ ಇರುತ್ತಾರೆ. ರೀಡಿನ ಕೆಲಸ ಅವರಿಗೆ ಚೆನ್ನಾಗಿ ಗೊತ್ತು. ಸರಿಯಾದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಬರುವುದು ಆ ದಾರಿಯಿಂದಲೇ. ಮತ್ತೆ ದಿನಾ ಯಾರಾದರೂ ಒಬ್ಬರು ನುಡಿಸಲಿ. ನುಡಿಸದೇ ಇಟ್ಟ ಹಾರ್ಮೋನಿಯಂ ಬೇಗ ಹಾಳಾಗುತ್ತದೆ.

ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಹಾಡು ನಿಷೇಧವೇ? ನನ್ನ ತಾಯಿಗೆ ಲ್ಯಾಟಿನ್ ಪೂಜೆಯ ಹಾಡುಗಳು ಬಾಯಿಪಾಠ. ಯಾರೂ ಹಾಡಲು ಬಿಡುವುದಿಲ್ಲ.
ಒಬ್ಬ ಕಥೊಲಿಕ ಓದುಗರು, ಮಂಗಳೂರು

ನಿಷೇಧ ಇಲ್ಲ. 1963ರ ಡಿಸೆಂಬರ್ 4ರಂದು ಆ ಮಹಾಸಭೆಯಿಂದ ಹೊರಬಂದ ಆರಾಧನೆಯ ಕುರಿತ ಶಾಸನದ 116ನೇ ಕಲಮು, ಲ್ಯಾಟಿನ್ ಪೂಜೆಯ ಹಳೇ ಹಾಡುಗಾರಿಕೆಯಾದ ಗ್ರಿಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಸಲ್ಲಬೇಕು ಎನ್ನುತ್ತದೆ. ಜನರಿಗೆ ಸೇರಿದ ಭಾಗಗಳನ್ನು ಅವರು ಲ್ಯಾಟಿನ್‌ನಲ್ಲೂ ಹೇಳಲು, ಹಾಡಲು ಕಲಿತಿರಲಿ ಎಂದು 54ನೇ ಕಲಮು ಹೇಳುತ್ತದೆ. 119ನೇ ಕಲಮು ಆಯಾ ನಾಡಿನ ಸಂಗೀತಕ್ಕೂ ತಕ್ಕ ಜಾಗ ಕೊಡಿ ಎನ್ನುತ್ತದೆ. ಮೂರೂ ಒಂದೇ ಶಾಸನದಲ್ಲಿವೆ, ಮೂರನ್ನೂ ಕೂಡಿಸಿ ಓದಬೇಕು. ಹಬ್ಬದ ದಿನ ಒಂದು 'ಕೀರಿಯೆ'ಯಿಂದ ('ಕರ್ತನೇ, ಕರುಣಿಸು' ಎಂಬ ಹಾಡು) ಶುರು ಮಾಡಿ. ನಿಮ್ಮ ತಾಯಿಯೇ ಮಕ್ಕಳಿಗೆ ಹೇಳಿಕೊಡಲಿ.

ಇಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಭೆ ಇದೆ. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವುದು ತಪ್ಪೇ? ಊರಲ್ಲಿರುವ ಅಜ್ಜಿಯ ಹಾಡುಗಳನ್ನು ಹೇಗೆ ಉಳಿಸಲಿ?
ಒಬ್ಬ ತಾಯಿ, ಮಸ್ಕತ್

ತಪ್ಪೇನೂ ಇಲ್ಲಮ್ಮ. ಮಗು ಬಾಯಿ ಬಿಟ್ಟು ಹಾಡುವುದು ಮುಖ್ಯ. ಆದರೆ ಪರದೆಯ ಮೇಲೆ ಕನ್ನಡ ಸಾಲನ್ನು ಮೇಲೆ ಹಾಕಿ, ಇಂಗ್ಲಿಷ್ ಅಕ್ಷರದ ಸಾಲನ್ನು ಅದರ ಕೆಳಗೆ ಹಾಕಿ. ಹಾಡು ಬಾಯಿಗೆ ಬಂದ ಮೇಲೆ ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ 'ಳ'ವೂ 'ಲ'ವೂ ಒಂದೇ ಆಗುತ್ತವೆ, ದೀರ್ಘವೂ ಕಾಣುವುದಿಲ್ಲ. ಹಾಗಾಗಿ ಮೊದಲು ಕಿವಿಯಿಂದ ಕಲಿಸಿ, ಹಾಳೆ ಆಮೇಲೆ ಕೊಡಿ.

ಅಜ್ಜಿಯ ಹಾಡಿಗೆ ಈ ರಜೆಯಲ್ಲೇ ಕೂತುಕೊಳ್ಳಿ. ಫೋನ್ ಸಾಕು. ಮೇಜಿನ ಮೇಲೆ ಒಂದು ಟವೆಲ್ ಮಡಚಿ ಅದರ ಮೇಲೆ ಫೋನ್ ಇಡಿ, ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿ. ಹಾಡುವ ಮೊದಲು ಅಜ್ಜಿಯೇ ಹಾಡಿನ ಮೊದಲ ಸಾಲು, ಯಾವ ಊರಿನ ಚರ್ಚಿನಲ್ಲಿ ಕಲಿತದ್ದು, ಯಾರು ಕಲಿಸಿದ್ದು ಎಂದು ಹೇಳಲಿ. ಹಾಡಿನ ಜೊತೆ ಆ ಮಾತೂ ಇರಬೇಕು. ಆಲ್ಟೊ ಸಾಲು, ಅಂದರೆ ಹೆಂಗಸರ ಕೆಳದನಿಯ ಸಾಲು, ನೆನಪಿದ್ದರೆ ಅದನ್ನೊಂದೇ ಬೇರೆ ಹಾಡಿಸಿ, ಯಾಕೆಂದರೆ ಮೂಲ ಧಾಟಿ ಎಲ್ಲರಿಗೂ ಗೊತ್ತಿರುತ್ತದೆ, ಮೊದಲು ಮರೆಯಾಗುವುದು ಒಳದನಿಗಳೇ. ವಾಟ್ಸಾಪಿನಲ್ಲಿ ಕಳಿಸಿದ ಆಡಿಯೋವನ್ನು ಮೂಲ ಎಂದು ಇಟ್ಟುಕೊಳ್ಳಬೇಡಿ, ಅಲ್ಲಿ ದನಿಯ ಗುಣ ಇಳಿಯುತ್ತದೆ. ಮೂಲ ಫೈಲನ್ನೇ ಎರಡು ಕಡೆ ಇಡಿ.

ಪದಗಳನ್ನು ಹಂಚಿಕೊಳ್ಳಬಹುದಾ ಎಂದೂ ಹಿಂದೆ ಒಮ್ಮೆ ಕೇಳಿದ್ದಿರಿ. ಭಾರತದ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷ ದಾಟಿದರೆ ಹಕ್ಕು ಮುಗಿಯುತ್ತದೆ. 19ನೇ ಶತಮಾನದ ಮಿಷನರಿಗಳು, ಅವರ ಕಾಲದ ಕನ್ನಡ ಉಪದೇಶಿಗಳು ಬರೆದ ಹಾಡುಗಳಿಗೆ ಏನೂ ತೊಂದರೆ ಇಲ್ಲ. ಈಚಿನ ಹಾಡಾದರೆ ಬರೆದವರನ್ನೋ ಅವರ ಮನೆಯವರನ್ನೋ ಕೇಳಿ. ರೆಕಾರ್ಡಿಂಗಿನ ಒಂದು ಪ್ರತಿಯನ್ನು ಅಜ್ಜಿಯ ಸಭೆಗೆ ಕೊಡಿ. ಮನೆಯಲ್ಲಿ ಹಳೇ ಸಂಗೀತ ಪುಸ್ತಕ, ಕೈಬರಹದ ಸ್ವರ ಪುಸ್ತಕ ಇದ್ದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹಾಲಯದವರನ್ನು ಒಮ್ಮೆ ಕೇಳಿ ನೋಡಿ. ಬಾಸೆಲ್ ಮಿಷನ್ ಕಾಲದ ಪುಸ್ತಕ, ಕಾಗದಪತ್ರಗಳು ಅಲ್ಲಿವೆ. ಪುಟ ಬಿಟ್ಟುಹೋಗುತ್ತಿದ್ದರೆ ಟೇಪ್ ಅಂಟಿಸದೆ, ಒಂದು ಹತ್ತಿ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ.